ಬಲೆಯಪ್ಪ ಸುತ್ತು ಹಾಕಿದ್ದು

ಊರಿನ ನಾಯಿಗಳಿಗೆಲ್ಲ ಚೆನ್ನಾಗಿ ಗೊತ್ತಿದ್ದ ಮನುಷ್ಯ ಒಬ್ಬನೇ. ಅವನು ನಗರಸಭೆಯಲ್ಲಿ ನಾಯಿ ಹಿಡಿಯುವವನು. ಇಪ್ಪತ್ತೆರಡು ವರ್ಷ ಬಲೆ ಬೀಸಿ ಬೀಸಿ ಅವನ ಹುಟ್ಟುಹೆಸರು ಮೂಲೆ ಸೇರಿ, ಬಲೆಯಪ್ಪ ಎಂಬುದೇ ನಿಂತುಬಿಟ್ಟಿತ್ತು. ಅವನ ನೀಲಿ ವ್ಯಾನು ಬೀದಿಯ ತಿರುವಿಗೆ ಬಂದರೆ ಸಾಕು, ಮೈಚಾಚಿ ಮಲಗಿದ್ದ ನಾಯಿಗಳೆಲ್ಲ ಎದ್ದು ದಿಕ್ಕಾಪಾಲಾಗುತ್ತಿದ್ದವು. ವ್ಯಾನು ಬಿಟ್ಟು ನಡೆದು ಬಂದರೂ ಅಷ್ಟೇ; ಮೀಸೆ ಬೋಳಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಮದುವೆಗೆ ಹೊರಟವನಂತೆ ಬಂದರೂ ಅಷ್ಟೇ. ಗಾಳಿಯಲ್ಲಿ ಅವನ ವಾಸನೆ ತೇಲಿದೊಡನೆ ಒಂದು ಬೊಗಳುವುದು, ಅದನ್ನು ಕೇಳಿ ಹತ್ತು ಬೊಗಳುವುದು.

ಹಾಗೆಂದು ಅವನೇನು ಕಟುಕನಲ್ಲ. ಹಿಡಿದ ನಾಯಿಯನ್ನು ಪಶು ಆಸ್ಪತ್ರೆಗೆ ಒಯ್ಯುವುದು, ಅಲ್ಲಿ ಮರಿಯಾಗದಂತೆ ಶಸ್ತ್ರಚಿಕಿತ್ಸೆ ಮಾಡಿ, ಹುಚ್ಚು ಹಿಡಿಯದಂತೆ ಲಸಿಕೆ ಹಾಕಿ, ಗುರುತಿಗೆ ಕಿವಿಯ ತುದಿಯನ್ನು ಚೂರು ಕತ್ತರಿಸಿದ ಮೇಲೆ, ಹಿಡಿದ ಜಾಗಕ್ಕೇ ತಂದು ಬಿಡುವುದು. ಇಷ್ಟೇ ಅವನ ಕೆಲಸ. ಆದರೆ ನಾಯಿಗಳ ನೆನಪಿನಲ್ಲಿ ಉಳಿದದ್ದು ಬಲೆ ಮಾತ್ರ. ತಿರುಗಿ ಮನೆ ಸೇರಿಸಿದವನೂ ಇವನೇ ಎಂಬುದನ್ನು ಯಾವ ನಾಯಿಯೂ ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ. ಚಿಕ್ಕಂದಿನಲ್ಲಿ ನಾಯಿಮರಿ ಎಂದರೆ ಊಟ ಬಿಟ್ಟು ಓಡುತ್ತಿದ್ದವನು ಅವನು. ನಾಯಿಗಳ ಜೊತೆ ಇರಬಹುದಲ್ಲ ಎಂದೇ ಈ ಕೆಲಸಕ್ಕೆ ಸೇರಿದವನು. ಮಗಳಿಗೆಂದು ಒಮ್ಮೆ ಒಂದು ಮರಿಯನ್ನೂ ತಂದಿದ್ದ. ಅದು ಮೂರು ದಿನ ಮಂಚದ ಕೆಳಗಿನಿಂದ ಹೊರಗೆ ಬರಲಿಲ್ಲ. ನಾಲ್ಕನೆಯ ದಿನ ಪಕ್ಕದ ಮನೆಗೆ ಕೊಟ್ಟರೆ, ಗೇಟಿನಲ್ಲೇ ಅವರ ಕೈ ನೆಕ್ಕಿತು.

"ಅಪ್ಪನ ಬಟ್ಟೇಲಿ ಊರಿನ ನಾಯಿಗಳ ಭಯ ಎಲ್ಲ ಅಂಟ್ಕೊಂಡಿದೆ ಅಮ್ಮ, ಸೋಪು ಹಾಕಿದ್ರೂ ಹೋಗಲ್ಲ" ಎಂದು ಮಗಳು ತಾಯಿಗೆ ಹೇಳುತ್ತಿದ್ದುದು ಅವನ ಕಿವಿಗೆ ಬಿದ್ದಿತ್ತು. ಹುಡುಗಿ ತಮಾಷೆಗೆ ಹೇಳಿದ್ದಲ್ಲ.

ಆ ಬೇಸಿಗೆಯಲ್ಲಿ ಅವನ ಅತ್ತೆ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡು ಮಗಳ ಮನೆಗೆ ಬಂದರು. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು ಪ್ಲಾಸ್ಟರಿನೊಳಗೆ ಬಿಗಿದು ಸ್ಟೂಲಿನ ಮೇಲೆ ಕುಳಿತುಬಿಟ್ಟಿತು. ಕಾಲಿಗೆ ಕೆಲಸ ತಪ್ಪಿದ ಮೇಲೆ ಬಾಯಿಗೆ ಎರಡು ಪಾಲು ಕೆಲಸ ಬಿತ್ತು. ಅಡುಗೆಗೆ ಉಪ್ಪು ಹೆಚ್ಚಾದದ್ದು, ಕಿಟಕಿಯ ಪರದೆ ಓರೆಯಾದದ್ದು, ಅಳಿಯನ ಅಂಗಿಯ ಗುಂಡಿ ಸಡಿಲವಾದದ್ದು, ಯಾವುದೂ ಅವರ ಕಣ್ಣು ತಪ್ಪುತ್ತಿರಲಿಲ್ಲ. ಎರಡನೆಯ ವಾರ ಮೊಮ್ಮಗಳು ಉಪಾಯ ಹೂಡಿ, ಅಂಗೈಯಗಲದ ತನ್ನ ವಿಡಿಯೊ ಗೇಮನ್ನು ಅಜ್ಜಿಯ ಕೈಗಿಟ್ಟಳು. ಮನೆಯಲ್ಲಿ ಶಾಂತಿ ನೆಲಸಿತು. ಗೇಮು ಮಾತ್ರ ಮತ್ತೆ ಮೊಮ್ಮಗಳ ಕೈಗೆ ಬರಲಿಲ್ಲ.

ಅದು ಕಾಡಿನ ಆಟ. ಆಡುವವರು ಕಾಡು ಕಾಯುವ ರೇಂಜರ್. ಕೈಯಲ್ಲಿ ಕೋವಿಯಿಲ್ಲ, ಬಲೆಯಿಲ್ಲ. ಎದುರಿಗೆ ಬಂದ ಪ್ರಾಣಿಯ ಸುತ್ತ ಪುಟ್ಟದೊಂದು ಕಡ್ಡಿಯಿಂದ ಪರದೆಯ ಮೇಲೆ ಬೆಳಕಿನ ಗೆರೆ ಎಳೆಯಬೇಕು, ಸುತ್ತಿನ ಮೇಲೆ ಸುತ್ತು. ಪ್ರಾಣಿ ಹಾಯ್ದು ಗೆರೆ ತುಳಿದರೆ ಗೆರೆ ಹರಿಯಿತು, ಮತ್ತೆ ಮೊದಲಿನಿಂದ. ಸುತ್ತು ತುಂಬಿದರೆ ಪ್ರಾಣಿಯ ಭಯ ಇಳಿದು ಅದು ರೇಂಜರನ ಜೊತೆಗೆ ಹೆಜ್ಜೆ ಹಾಕುವುದು. ಬಿದ್ದ ಮರ ಸರಿಸುವುದು, ಹೊಳೆ ದಾಟಿಸುವುದು, ಕಾಡಿಗೆ ಕಿಚ್ಚಿಡುವ ದುಷ್ಟರನ್ನು ಅಟ್ಟುವುದು. ಕೆಲಸ ಮುಗಿದ ಕೂಡಲೇ ಅದನ್ನು ಅದರ ಪಾಡಿಗೆ ಬಿಟ್ಟುಬಿಡಬೇಕು. ನಲವತ್ತು ವರ್ಷ ಕತ್ತಿನ ಪಟ್ಟಿಯನ್ನೂ ತೋಳಿನ ತಿರುವನ್ನೂ ಹೊಲಿದ ಅತ್ತೆಗೆ ಸುತ್ತು ಎಳೆಯುವುದು ನೀರು ಕುಡಿದಷ್ಟು ಸುಲಭ.

"ಏನು ಅಳಿಯಂದ್ರೇ, ಇವತ್ತು ಎಷ್ಟು ಹಿಡಿದ್ರಿ?" ಎಂದು ಅವರು ದಿನವೂ ಸಂಜೆ ಕೇಳುವರು.

"ಮೂರು, ಅತ್ತೆ."

"ನಾನು ಹನ್ನೊಂದು. ಒಂದು ಕರಡಿ ಸೇರಿ."

ಹೀಗಿರುವಾಗ ಒಂದು ಸೋಮವಾರ ಹಳೆಯ ಗೋದಾಮಿನ ಕಾವಲುಗಾರ ನಗರಸಭೆಗೆ ಫೋನು ಮಾಡಿದ. ಗೋದಾಮಿನ ಹಿಂದಿನ ಬಯಲಿನಲ್ಲಿ ಒಂದು ಕಂದು ನಾಯಿ ಪ್ಲಾಸ್ಟಿಕ್ಕಿನ ಬಿಸ್ಕತ್ತಿನ ಡಬ್ಬಿಯೊಳಗೆ ತಲೆ ತೂರಿಸಿ ಸಿಕ್ಕಿಹಾಕಿಕೊಂಡಿದೆ. ಒಂದು ದಿನದಿಂದ ಹಾಗೇ ಅಲೆಯುತ್ತಿದೆ. ಬಲೆಯಪ್ಪ ವ್ಯಾನಿನ ಡ್ರೈವರನ ಜೊತೆ ಹೋಗಿ ನೋಡಿದ. ಡಬ್ಬಿಯ ತಳದಲ್ಲಿ ಎಲ್ಲಿಯೋ ಸಣ್ಣ ಸೀಳಿತ್ತೆಂದು ಕಾಣುತ್ತದೆ, ಉಸಿರೇನೋ ಆಡುತ್ತಿತ್ತು. ಆದರೆ ಬಾಯಿಗೆ ಒಂದು ತೊಟ್ಟು ನೀರು ಹೋಗುವಂತಿರಲಿಲ್ಲ. ಒಳಗೆಲ್ಲ ಉಸಿರಿನ ಮಂಜು. ಅದರ ಕಣ್ಣಿಗೆ ಬರೀ ನೆರಳುಗಳು ಕಾಣುತ್ತಿದ್ದಿರಬೇಕು. ಯಾವ ನೆರಳು ನೇರವಾಗಿ ಬಂದರೂ ಅದು ಎದ್ದುಬಿದ್ದು ಓಡುತ್ತಿತ್ತು. ಬಲೆಯಪ್ಪ ಅಂದೂ ಮರುದಿನವೂ ಆರು ಸಲ ಬಲೆ ಬೀಸಿದ. ಆರು ಸಲವೂ ಗಾಳಿ ಗುದ್ದಿ ಮೈ ನೋಯಿಸಿಕೊಂಡದ್ದೇ ಬಂತು. ಕಡೆಯ ಸಲವಂತೂ ನಾಯಿ ತಂತಿಬೇಲಿಗೆ ಢೀ ಎಂದು ಬಡಿದು ಬಿದ್ದು, ಎದ್ದು, ಕುಂಟುತ್ತ ಪೊದೆ ಸೇರಿತು.

ಪಶು ವೈದ್ಯೆ ಬೇಲಿಯಾಚೆಯಿಂದಲೇ ನೋಡಿ ತಲೆಯಾಡಿಸಿದರು. "ಮತ್ತಿನ ಸೂಜಿ ಹೊಡೆಯೋ ಹಾಗಿಲ್ಲ. ಮೈಯಲ್ಲಿ ನೀರೇ ಇಲ್ಲ, ಹೃದಯ ತಡೆಯಲ್ಲ. ಅಟ್ಟಾಡಿಸಿದ್ರೂ ಅದೇ ಗತಿ. ಈ ಬಿಸಿಲಲ್ಲಿ ನಾಳೆ ಸಂಜೆ ದಾಟೋದು ಕಷ್ಟ ಕಣ್ರೀ."

ಆ ಸಂಜೆ ಬಲೆಯಪ್ಪ ಮನೆಗೆ ಬಂದು ಬೂಟು ಬಿಚ್ಚದೆ ಬಾಗಿಲಲ್ಲೇ ಕುಳಿತ. ಅತ್ತೆ ಎಂದಿನಂತೆ ಲೆಕ್ಕ ಕೇಳಿದರು. ಅವನು ಇದ್ದದ್ದನ್ನು ಹೇಳಿದ. ಅವರು ಆಟವನ್ನು ಅವನತ್ತ ಚಾಚಿದರು.

"ಒಂದು ಮೊಲ ಹಿಡಿದು ತೋರಿಸಿ ನೋಡೋಣ."

"ಅತ್ತೆ, ನನಗೆ ಈಗ ಆಟ ಬೇಕಾ?"

"ಹಿಡೀರಿ ಅಂದ್ರೆ."

ಅವನು ಕಡ್ಡಿ ಹಿಡಿದು ಮೊಲದತ್ತ ಗೆರೆ ಎಳೆದ. ಮೊಲ ನೆಗೆದು ಗೆರೆ ತುಳಿಯಿತು. ಮತ್ತೆ ಎಳೆದ, ಮತ್ತೆ ತುಳಿಯಿತು. ಐದು ಸಲ ಆದದ್ದೂ ಅದೇ. ಮಗಳು ಅವನ ಹೆಗಲ ಮೇಲಿಂದ ಬಗ್ಗಿ ನೋಡುತ್ತ, "ಅಪ್ಪ, ನೀನು ಅದರ ಮೈಮೇಲೇ ಹೋಗ್ತೀಯ" ಎಂದಳು.

"ಬಲೆ ಬೀಸೋ ಕೈ ಅಲ್ವಾ, ಗುರಿ ಕಂಡ್ರೆ ನೇರ ಹೋಗುತ್ತೆ" ಎಂದರು ಅತ್ತೆ. "ಮೊದಲು ದೂರದಲ್ಲಿ ದೊಡ್ಡ ಸುತ್ತು ಹಾಕಿ. ಅದು ಯಾವ ಕಡೆ ಓಡುತ್ತೋ ಆ ಕಡೆ ಜಾಗ ಬಿಡಿ. ಆಮೇಲೆ ಸಣ್ಣದು ಮಾಡ್ತಾ ಬನ್ನಿ. ದುಂಡು ಕತ್ತಿನ ಪಟ್ಟಿ ಹೊಲಿಯೋವಾಗ ಬಟ್ಟೆ ಎಳೀಬಾರದು ಅಳಿಯಂದ್ರೇ. ಸುಮ್ಮನೆ ಹಿಡ್ಕೋಬೇಕು. ಅದೇ ತಿರುಗುತ್ತೆ."

ಒಂಬತ್ತನೆಯ ಸಲ ಮೊಲ ಒಲಿಯಿತು. ಮಗಳು ಚಪ್ಪಾಳೆ ತಟ್ಟಿದಳು. ಬಲೆಯಪ್ಪ ಪರದೆಯ ಮೇಲೆ ತನ್ನ ಹಿಂದೆ ಕುಪ್ಪಳಿಸುತ್ತಿದ್ದ ಆ ಬೆರಳುದ್ದದ ಮೊಲವನ್ನು ಬಹಳ ಹೊತ್ತು ನೋಡಿದ.

"ಇದು ಆಟ, ಅತ್ತೆ. ಆ ಮೊಲಕ್ಕೆ ನಾನು ಯಾರು ಅಂತ ಗೊತ್ತಿಲ್ಲ. ನಾಯಿಗಳಿಗೆ ಗೊತ್ತು. ಅರ್ಧ ಫರ್ಲಾಂಗಿಂದಲೇ ಮೂಸಿ ಕಂಡುಹಿಡಿಯುತ್ವೆ."

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಅದರ ಮೂಗು ಎಲ್ಲಿದೆ?"

"ಎಲ್ಲಿ ಅಂದ್ರೆ? ಡಬ್ಬಿ ಒಳಗೆ."

"ಡಬ್ಬಿ ಒಳಗೆ ಏನು ವಾಸನೆ?"

"ಬಿಸ್ಕತ್ತು..." ಎಂದವನು ಅಲ್ಲಿಗೇ ನಿಲ್ಲಿಸಿದ.

"ಮತ್ತೆ? ಇಡೀ ಊರಲ್ಲಿ ನಿಮ್ಮ ಗುರುತು ಸಿಗದೆ ಇರೋ ನಾಯಿ ಅದೊಂದೇ. ನಾಳೆ ಹೋಗಿ ಹೊಸಬರ ಹಾಗೆ ಮಾತಾಡಿಸಿ."

ಬುಧವಾರ ಬೆಳಗ್ಗೆ ಬಲೆಯಪ್ಪ ಬಲೆಯನ್ನು ವ್ಯಾನಿನಲ್ಲೇ ಬಿಟ್ಟು, ಒಂದು ಅಗಲವಾದ ಬೋಗುಣಿಯಲ್ಲಿ ನೀರು ಹಿಡಿದು ಬಯಲಿಗೆ ಇಳಿದ. ನಾಯಿ ಗೋಡೆಯ ನೆರಳಿನಲ್ಲಿ ಕುಸಿದು ಕುಳಿತಿತ್ತು. ಡಬ್ಬಿಯ ಭಾರಕ್ಕೆ ತಲೆ ನೆಲ ಮುಟ್ಟುತ್ತಿತ್ತು. ಅವನು ಅದರ ಕಡೆ ನೋಡಲೇ ಇಲ್ಲ. ಬೇಲಿಯ ಅಂಚು ಹಿಡಿದು ಬಯಲನ್ನು ಪೂರ್ತಿ ಒಂದು ಸುತ್ತು ಹಾಕಿದ. ನಾಯಿ ಎದ್ದು ನಿಂತಿತು. ಅವನು ನಿಲ್ಲಲಿಲ್ಲ. ಎರಡನೆಯ ಸುತ್ತು ಒಂದು ಮಾರು ಒಳಗೆ, ಮೂರನೆಯದು ಇನ್ನೊಂದು ಮಾರು ಒಳಗೆ. ನಾಯಿ ಓಡಲು ಅಣಿಯಾದಾಗಲೆಲ್ಲ ಅದರ ಮುಂದಿನ ದಾರಿ ಬಿಟ್ಟು ಹಿಂದಕ್ಕೆ ಸರಿದ. ಬಿಟ್ಟ ದಾರಿ ಕಂಡು ಅದು ಓಡದೆ ನಿಂತಿತು.

"ಅಣ್ಣ, ದೇವಸ್ಥಾನದ ಪ್ರದಕ್ಷಿಣೆಯಾ?" ಎಂದು ಡ್ರೈವರ್ ಬೇಲಿಯಾಚೆಯಿಂದ ಕೂಗಿದ. "ಎಷ್ಟು ಸುತ್ತಿನ ಹರಕೆ?"

ಬಲೆಯಪ್ಪ ಬಾಯಿಯ ಮೇಲೆ ಬೆರಳಿಟ್ಟು ಸುಮ್ಮನಿರುವಂತೆ ಹೇಳಿದ. ಒಮ್ಮೆ ಅವನ ಬೂಟು ತಗಡಿನ ಚೂರನ್ನು ತುಳಿದು ಸದ್ದಾಯಿತು. ನಾಯಿ ಚಂಗನೆ ಹಾರಿ ಬಯಲಿನ ಆಚೆ ತುದಿಗೆ ಓಡಿತು. ಗೆರೆ ಹರಿಯಿತು. ಅವನು ಬೂಟು ಬಿಚ್ಚಿಟ್ಟು, ಮತ್ತೆ ಬೇಲಿಯ ಅಂಚಿನಿಂದ ಶುರುಮಾಡಿದ. ಬಿಸಿಲು ನೆತ್ತಿಗೇರಿತು. ಅಂಗಾಲು ಸುಟ್ಟಿತು. ಎಷ್ಟು ಸುತ್ತಾಯಿತೆಂಬುದು ಅವನಿಗೂ ತಿಳಿಯದು. ಡ್ರೈವರ್ ಮಾತ್ರ ಎಣಿಸಿದ್ದನಂತೆ, ಮೂವತ್ತೇಳು. ಕಡೆಗೆ ನಾಲ್ಕು ಹೆಜ್ಜೆ ದೂರದಲ್ಲಿ ಅವನು ಬೋಗುಣಿ ಇಟ್ಟು, ನಾಯಿಗೆ ಬೆನ್ನು ಮಾಡಿ ನೆಲದ ಮೇಲೆ ಕುಳಿತ. ಬೆನ್ನ ಹಿಂದೆ ಡಬ್ಬಿಯೊಳಗಿನ ಉಸಿರು ಬುಸುಬುಸು ಕೇಳುತ್ತಿತ್ತು.

"ನಾನು ಹೊಸಬ" ಎಂದು ಅವನು ಮೆಲ್ಲಗೆ ಹೇಳಿದ. "ನನ್ನ ಹೆಸರು ಗೊತ್ತಿಲ್ಲ ಅಲ್ವಾ ನಿನಗೆ? ಒಳ್ಳೇದೇ ಆಯ್ತು ಬಿಡು."

ಬಹಳ ಹೊತ್ತಾದ ಮೇಲೆ ಅವನ ಬೆನ್ನಿಗೆ ಡಬ್ ಎಂದು ಏನೋ ತಗುಲಿತು. ಡಬ್ಬಿ. ನಾಯಿ ತಲೆ ಎತ್ತಲಾರದೆ ಅವನ ಬೆನ್ನಿಗೆ ಒರಗಿಸಿತ್ತು. ಅವನು ಕೈಯನ್ನು ಹಿಂದಕ್ಕೆ ಚಾಚಿ ಡಬ್ಬಿಯ ಅಂಚನ್ನು ಮುಟ್ಟಿದ. ಒಂದು ಸಲ ಎಳೆದರೆ ಬಂದೀತು ಎಂದು ಕೈ ಹೇಳಿತು. ಎಳೀಬಾರದು ಎಂದು ಅತ್ತೆಯ ಮಾತು ನೆನಪಾಯಿತು. ಸುಮ್ಮನೆ, ಗಟ್ಟಿಯಾಗಿ ಹಿಡಿದುಕೊಂಡ. ಬೆದರಿದ ನಾಯಿ ತಾನೇ ಹಿಂದಕ್ಕೆ ಜಗ್ಗಿತು, ಮತ್ತೆ ಜಗ್ಗಿತು, ಕಿವಿಗಳು ಮಡಚಿ ತಿರುಗಿದವು, ಪಟ್ಟನೆ ತಲೆ ಹೊರಗೆ ಬಂತು.

ಮೊದಲು ಅದು ನೀರಿಗೆ ಬಾಯಿ ಹಾಕಿತು. ಬೋಗುಣಿ ಅರ್ಧ ಬರಿದಾದ ಮೇಲೆ ತಲೆ ಎತ್ತಿತು. ಗಾಳಿ ಅವನ ಕಡೆಯಿಂದಲೇ ಬೀಸುತ್ತಿತ್ತು. ನಾಯಿಯ ಮೂಗು ಅಲುಗಿತು. ಕತ್ತಿನ ಕೂದಲು ನಿಧಾನವಾಗಿ ನಿಗುರಿತು. ಗಂಟಲಿನಲ್ಲಿ ಗುರ್ ಎಂಬ ಸದ್ದು ಹುಟ್ಟಿತು. ಈಗ ಗೊತ್ತಾಯಿತು, ಎಂದುಕೊಂಡ ಬಲೆಯಪ್ಪ. ಅವನಿಗೆ ಎದ್ದು ಹೋಗಬೇಕೆನಿಸಿತು. ಏಳಲಿಲ್ಲ.

ಡ್ರೈವರ್ ಬಲೆ ಹಿಡಿದು ಬೇಲಿಯ ತೆರಪಿನಲ್ಲಿ ನಿಂತಿದ್ದ. "ಅಣ್ಣ, ಕಿವಿ ಗುರುತಿಲ್ಲ. ಕೈಗೆ ಸಿಕ್ಕಿದೆ, ಬೀಸಿಬಿಡ್ಲಾ?"

ಕೆಲಸದ ಲೆಕ್ಕಕ್ಕೆ ಅದು ಸರಿಯಾದ ಮಾತೇ. ಇಂಥ ಸಮಯ ಮತ್ತೆ ಸಿಗದೆಯೂ ಹೋದೀತು.

"ಬೇಡ" ಎಂದ ಬಲೆಯಪ್ಪ. "ಇವತ್ತಿನ ಕೆಲಸ ಮುಗೀತು. ಬಿಟ್ಟುಬಿಡು."

ನಾಯಿ ಗುರ್ರೆನ್ನುತ್ತಲೇ ಉಳಿದ ನೀರು ಕುಡಿಯಿತು. ಆಮೇಲೆ ಎದ್ದು, ಓಡದೆ, ಕುಂಟುತ್ತ ಗೋಡೆಯ ನೆರಳಿಗೆ ಹೋಗಿ ಮಲಗಿ ಅವನನ್ನೇ ನೋಡುತ್ತಿತ್ತು.

ಅಂದಿನಿಂದ ಬಲೆಯಪ್ಪ ದಿನವೂ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬೋಗುಣಿ ಹಿಡಿದು ಹೋಗಿ ಸುತ್ತು ಹಾಕಿ ಬರುವನು. ಮೊದಲು ಇಪ್ಪತ್ತು, ಆಮೇಲೆ ಹತ್ತು, ಆಮೇಲೆ ಮೂರು. ಒಂಬತ್ತನೆಯ ದಿನ ಹಗ್ಗದ ಕುಣಿಕೆ ತೋರಿಸಿದರೆ ಅದು ಮೂಸಿ ನೋಡಿ ಸುಮ್ಮನೆ ಕುತ್ತಿಗೆ ಕೊಟ್ಟಿತು. ಆಸ್ಪತ್ರೆಗೆ ಹೋಯಿತು, ಲಸಿಕೆ ಹಾಕಿಸಿಕೊಂಡಿತು, ಕಿವಿಯ ಗುರುತು ಪಡೆಯಿತು. ಗಾಯ ಮಾಗಿದ ಮೇಲೆ ಗೋದಾಮಿನ ಬಯಲಿಗೇ ತಂದು ವ್ಯಾನಿನ ಬಾಗಿಲು ತೆರೆದರು. ಇಪ್ಪತ್ತೆರಡು ವರ್ಷದಲ್ಲಿ ಆ ಬಾಗಿಲಿನಿಂದ ಇಳಿದ ನಾಯಿಗಳೆಲ್ಲ ಬಿಟ್ಟ ಬಾಣದಂತೆ ಓಡಿದ್ದವು. ಇದು ಇಳಿಯಿತು, ಮೈ ಕೊಡವಿತು, ಬಲೆಯಪ್ಪನ ಬೂಟನ್ನು ಮೂಸಿತು. ಅವನು ಕೈ ಚಾಚಿದ. ತಲೆ ಕೈಯ ಕೆಳಗೆ ಬಂತು. ಆಮೇಲೆ ಡ್ರೈವರನ ಕಡೆ ತಿರುಗಿ ಗಟ್ಟಿಯಾಗಿ ಬೊಗಳಿತು.

"ನಾನೇನು ಮಾಡಿದ್ನಪ್ಪ?" ಎಂದು ಡ್ರೈವರ್ ವ್ಯಾನು ಹತ್ತಿ ಬಾಗಿಲು ಹಾಕಿಕೊಂಡ.

ಸಂಜೆ ಬಲೆಯಪ್ಪ ಮನೆಗೆ ಬಂದಾಗ ಅತ್ತೆಯ ಪ್ಲಾಸ್ಟರ್ ತೆಗೆದಾಗಿತ್ತು. ಆದರೂ ಅವರು ಅದೇ ಕುರ್ಚಿಯಲ್ಲಿ ಕುಳಿತು ಪರದೆಯಿಂದ ಕಣ್ಣು ಕೀಳದೆ ಆಡುತ್ತಿದ್ದರು. ಮಗಳು ಓಡಿ ಬಂದು, ಅಪ್ಪನ ಅಂಗೈಯನ್ನು ಮೂಸಿ ನೋಡಿ, "ನಾಯಿ ವಾಸನೆ" ಎಂದು ನಕ್ಕಳು.

"ಎಷ್ಟು ಹಿಡಿದ್ರಿ ಅಳಿಯಂದ್ರೇ?" ಎಂದರು ಅತ್ತೆ.

"ಒಂದೂ ಇಲ್ಲ ಅತ್ತೆ. ಒಂದನ್ನ ಬಿಟ್ಟು ಬಂದೆ."

ಕಡ್ಡಿ ಒಂದು ಕ್ಷಣ ನಿಂತಿತು. ಗೆರೆ ಹರಿದು ಅವರ ಚಿರತೆ ತಪ್ಪಿಸಿಕೊಂಡಿತು. ಅತ್ತೆ ಅದಕ್ಕಾಗಿ ಯಾರನ್ನೂ ಬೈಯಲಿಲ್ಲ.

"ಹಾಗಾದ್ರೆ ಮೊದಲ ಹಂತ ದಾಟಿದ್ರಿ" ಎಂದರು.