ಹಿಂದಿನ ಬಾಗಿಲಿನ ಚಪ್ಪಲಿ

ಕಲ್ಯಾಣದುರ್ಗದಲ್ಲಿ ನಾನು ಕೆಲಸಕ್ಕಿದ್ದ ಬಟ್ಟೆ ಅಂಗಡಿಗೆ ಯಾರೂ ಚಪ್ಪಲಿ ಮೆಟ್ಟಿಕೊಂಡು ಬರುವಂತಿರಲಿಲ್ಲ. ಗಿರಾಕಿಗಳಾಗಲಿ, ಸೀರೆ ತೋರಿಸುವ ನಾವಾಗಲಿ, ಕೊನೆಗೆ ಸಾಹುಕಾರರೇ ಆಗಲಿ, ಮುಂಬಾಗಿಲ ಪಕ್ಕದ ಸ್ಟ್ಯಾಂಡಿನಲ್ಲಿ ಚಪ್ಪಲಿ ಬಿಟ್ಟು ಆಮೇಲೆ ಗಾದಿ ತುಳಿಯಬೇಕು. ಬಿಳಿ ಬಟ್ಟೆ ಹೊದಿಸಿದ ಆ ಗಾದಿಯ ಮೇಲೆಯೇ ಸೀರೆ ಹರಡುವುದು, ಗಿರಾಕಿ ಕೂರುವುದು. ಸಾಹುಕಾರರು ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಬಂದು ಮೊದಲು ಗಾದಿಗೆ ಕೈಮುಗಿಯುತ್ತಿದ್ದರು. ಈ ನೇಮದ ಬಗ್ಗೆ ನನಗೆ ಯಾವ ತಕರಾರೂ ಇರಲಿಲ್ಲ, ನನ್ನನ್ನು ಬೆಂಕಿಯ ಇನ್‌ಚಾರ್ಜ್ ಮಾಡುವವರೆಗೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಸಾಹುಕಾರರು ಅಂಗಡಿಯ ಮೇಲೆ ಇನ್ನೊಂದು ಮಹಡಿ ಎಬ್ಬಿಸಿ, ರೇಷ್ಮೆ ಸೀರೆಗಳನ್ನೆಲ್ಲ ಮೇಲಕ್ಕೆ ಸಾಗಿಸಿದ್ದರು. ಪರವಾನಗಿ ಕೊಡಲು ಬಂದ ಆಫೀಸಿನವರು ಒಂದು ಪಟ್ಟಿ ಕೊಟ್ಟು ಹೋದರು. ಮಹಡಿಗೊಂದು ಬೆಂಕಿ ಆರಿಸುವ ಸಿಲಿಂಡರ್ ಬೇಕು, ಮರಳಿನ ಬಕೆಟ್ ಬೇಕು, ಹಿಂದುಗಡೆ ಇನ್ನೊಂದು ಮೆಟ್ಟಿಲು ಬೇಕು, ಅದರ ಬಾಗಿಲು ಹೊರಕ್ಕೆ ತೆರೆಯಬೇಕು, ಇದೆಲ್ಲ ಬಲ್ಲವರೊಬ್ಬರು ಅಂಗಡಿಯಲ್ಲಿರಬೇಕು. ಸಾಹುಕಾರರು ಗೊಣಗಿಕೊಂಡೇ ಎಲ್ಲ ಮಾಡಿಸಿದರು. ಸಿಲಿಂಡರುಗಳಿಗೆ ಕುಂಕುಮ ಇಟ್ಟು ಕಾಯಿ ಒಡೆದರು. ಬಲ್ಲವರು ಯಾರು ಅನ್ನುವ ಮಾತು ಬಂದಾಗ ಗಂಡಸರೆಲ್ಲ ಬಟ್ಟೆಯ ಥಾನು ಮಡಿಸುವುದರಲ್ಲಿ ಮುಳುಗಿಬಿಟ್ಟರು. ನನಗೆ ಇಂಗ್ಲಿಷ್ ಅಕ್ಷರ ಓದಲು ಬರುತ್ತಿತ್ತು, ಬಾಯಿಯೂ ಜೋರಿತ್ತು. ಅಷ್ಟು ಸಾಕಾಯಿತು.

ಸಿಲಿಂಡರ್ ಮಾರಿದವನು ಹಿಂದೂಪುರದವನು. ಪರಿಗಿ ರಸ್ತೆಯಲ್ಲಿದ್ದ ಅವನ ಗೋಡೌನಿನಲ್ಲಿ ಒಂದು ದಿನದ ಟ್ರೈನಿಂಗ್. ತಗಡಿನ ತಟ್ಟೆಯಲ್ಲಿ ಪೆಟ್ರೋಲ್ ಸುರಿದು ಹಚ್ಚಿ, ಬೇರೆ ಬೇರೆ ಅಂಗಡಿಗಳಿಂದ ಬಂದಿದ್ದ ನಾವೇ ಅದನ್ನು ಆರಿಸುವಂತೆ ಮಾಡಿದ. ಪಿನ್ನು ಕೀಳು, ಬೆಂಕಿಯ ಬುಡಕ್ಕೆ ಗುರಿಯಿಡು, ಹಿಡಿ ಅದುಮು. ಈ ಸಿಲಿಂಡರ್ ಎಳೆ ಬೆಂಕಿಗೆ ಮಾತ್ರ, ಅದು ಬೆಳೆಯಿತೋ ಕೈಬಿಟ್ಟು ಹೊರಗೆ ನಡೆಯುವುದೇ ಬುದ್ಧಿವಂತಿಕೆ ಅಂದ. "ಪರಿಗೆತ್ತಕಂಡಿ, ನಡವಂಡಿ" ಎಂದು ತೆಲುಗಿನಲ್ಲಿ ನಮ್ಮ ಬಾಯಲ್ಲಿ ಹತ್ತು ಸಲ ಹೇಳಿಸಿದ. ಓಡಬೇಡಿ, ನಡೆಯಿರಿ ಅಂತ. ಹೊರಗೆ ಹೋದ ಮೇಲೆ ತಲೆ ಎಣಿಸಬೇಕು ಅಂತಲೂ ಹೇಳಿದ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನು ಒಂದೇ ಸಲಕ್ಕೆ ಬೆಂಕಿ ಆರಿಸಿದೆ. ಆ ಹಿಗ್ಗಿಗೆ ಹಿಂದೂಪುರದ ಬಜಾರಿನಲ್ಲಿ ಕಂದು ಬಣ್ಣದ ಹೊಸ ಚಪ್ಪಲಿ ಕೊಂಡು, ಹಳೆಯದನ್ನು ಅಲ್ಲೇ ಬಿಟ್ಟು, ಅದನ್ನೇ ಮೆಟ್ಟಿಕೊಂಡು ಬಸ್ ಹತ್ತಿದೆ.

ಮರುವಾರ ಅಂಗಡಿಯಲ್ಲಿ ತಾಲೀಮು ಇಟ್ಟೆ. ಗಿರಾಕಿ ಇಲ್ಲದ ಹೊತ್ತು ನೋಡಿ ಮೇಲಿನಿಂದ ಗಂಟೆ ಬಾರಿಸಿ, "ಬೆಂಕಿ! ಎಲ್ಲರೂ ಹಿಂದಿನ ಬಾಗಿಲಿಗೆ!" ಎಂದು ಕೂಗಿದೆ. ಒಬ್ಬರಾದರೂ ಹಿಂದಿನ ಬಾಗಿಲಿಗೆ ಹೋಗಬೇಕಲ್ಲ? ಎಲ್ಲರೂ ಮುಂದಿನ ಮೆಟ್ಟಿಲು ಇಳಿದು, ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಗುಂಪಾಗಿ, ಬಗ್ಗಿ, ತಮ್ಮ ತಮ್ಮ ಜೋಡು ಹುಡುಕತೊಡಗಿದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಸಾಯೋ ಹೊತ್ನಲ್ಲೂ ಚಪ್ಲಿ ಬೇಕೇನ್ರೇ ನಿಮ್ಗೆ?" ಎಂದು ಮೇಲಿನಿಂದಲೇ ಬೈದೆ.

"ಬರಿಗಾಲಲ್ಲಿ ಬೀದಿಗೆ ಹೆಂಗೆ ಹೋಗಾದು ಕಣಮ್ಮ?" ಅಂದಳು ಒಬ್ಬಳು, ನಾನೇ ಏನೋ ತಪ್ಪು ಮಾತಾಡಿದವಳ ಹಾಗೆ.

ತಿರುಗಿ ನೋಡಿದರೆ ಮಹಡಿಯಲ್ಲಿ ಇನ್ನೂ ಒಬ್ಬಳು ಕೂತೇ ಇದ್ದಳು. ಸೀರೆಗೆ ಫಾಲ್ ಹೊಲಿಯುವ ಅಕ್ಕ. ಬೆಳುಗುಪ್ಪದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಅವಳ ಎಡಗಾಲು ಗಿಡ್ಡ. ಬಸ್‌ಸ್ಟ್ಯಾಂಡಿನ ಚಮ್ಮಾರರು ಆ ಕಾಲಿಗೆಂದೇ ನಾಲ್ಕು ಬೆರಳು ದಪ್ಪದ ರಬ್ಬರಿನ ಅಟ್ಟೆ ಕೊಟ್ಟು ಚಪ್ಪಲಿ ಹೊಲಿದುಕೊಟ್ಟಿದ್ದರು. ಅದನ್ನು ಮೆಟ್ಟಿದರೆ ಎಲ್ಲರ ಹಾಗೆ ಸರಾಗ ನಡೆಯುತ್ತಿದ್ದಳು. ಅದನ್ನೂ ಕೆಳಗೆ ಸ್ಟ್ಯಾಂಡಿನಲ್ಲಿ ಬಿಟ್ಟು, ಬೆಳಿಗ್ಗೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರೆ, ಸಂಜೆಯವರೆಗೆ ಜಾಗ ಬಿಟ್ಟು ಏಳುತ್ತಿರಲಿಲ್ಲ.

"ನೀನ್ಯಾಕೆ ಏಳ್ಲಿಲ್ಲ?" ಅಂದೆ.

"ನನ್ ಕಾಲು ಕೆಳಗೈತಲ್ಲ ಕಣಮ್ಮ," ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಹಿಂದಿನ ಮೆಟ್ಟಿಲು ಕಬ್ಬಿಣದ್ದು, ಕಡಿದು, ಹಿಡಿಯಲು ಒಂದೇ ಕಡೆ ಕಂಬಿ. ನಿಜವಾಗಿ ಬೆಂಕಿ ಬಿದ್ದರೆ ಇವಳು ಹೇಗೆ ಇಳಿದಾಳು? ನೇರ ಸಾಹುಕಾರರ ಹತ್ತಿರ ಹೋಗಿ, ಅಕ್ಕನ ಚಪ್ಪಲಿಯನ್ನಾದರೂ ಮೇಲೆ ಇಡಲು ಬಿಡಿ ಅಂದೆ. ಅವರು ಕೆನ್ನೆ ಬಡಿದುಕೊಂಡರು. "ಲಕ್ಷ್ಮಿ ಕೂತಿರೋ ಜಾಗ ಕಣಮ್ಮ. ಒಬ್ರಿಗೆ ಬಿಟ್ರೆ ನಾಳೆ ಎಲ್ರೂ ಕೇಳ್ತಾರೆ," ಅಂದರು. ನಾನು ವಾದಿಸಿದೆ, ಸಿಟ್ಟು ಮಾಡಿಕೊಂಡೆ, ಅವರು ಬಗ್ಗಲಿಲ್ಲ. ಅಕ್ಕನ ಹತ್ತಿರ ಬಂದು, "ಏನಾದ್ರೂ ಆದ್ರೆ ನಿನ್ ಚಪ್ಲಿ ನಾನ್ ತತ್ತೀನಿ. ನಿನ್ ಕೈ ಹಿಡ್ಕೊಂಡೇ ಇಳಿತೀನಿ," ಅಂದೆ. ಅವಳು ಸೂಜಿಗೆ ದಾರ ಪೋಣಿಸುತ್ತಾ, "ಆಗ್ಲಿ ಬಿಡು," ಅಂದಳು.

ಕಾರ್ತಿಕದ ಒಂದು ಮಧ್ಯಾಹ್ನ. ಬ್ರಹ್ಮಸಮುದ್ರದ ಕಡೆಯಿಂದ ಮದುವೆ ಜವಳಿಗೆ ಬಂದಿದ್ದ ಒಂದು ಮನೆಯವರು ಮೇಲೆ ಕೂತಿದ್ದರು. ನಾನು ಧಾರೆ ಸೀರೆ ಬಿಡಿಸಿ ಹಾಸುತ್ತಿದ್ದೆ. ಕರೆಂಟು ಹೋಯಿತು, ಬಂತು, ಮತ್ತೆ ಹೋಗಿ ಜೋರಾಗಿ ಬಂತು. ಮುಂದಿನ ಮೆಟ್ಟಿಲ ಕೆಳಗೆ, ಚಪ್ಪಲಿ ಸ್ಟ್ಯಾಂಡಿಗೆ ಅಂಟಿಕೊಂಡು ಒಂದು ಹಳೆಯ ಸ್ಟೆಬಿಲೈಸರ್ ಇತ್ತು. ಅದು ಠಪ್ಪೆಂದಿತು. ರಬ್ಬರ್ ಸುಟ್ಟ ವಾಸನೆಯ ಹಿಂದೆಯೇ ಕಪ್ಪು ಹೊಗೆ ಮೆಟ್ಟಿಲೇರಿ ಬಂತು.

ನಾನು ಗಂಟೆ ಬಾರಿಸಿದೆ. "ಹಿಂದಿನ ಬಾಗಿಲಿಗೆ! ಪರಿಗೆತ್ತಕಂಡಿ, ನಡವಂಡಿ!" ಎಂದು ಕೂಗಿದೆ. ಹಿಂದಿನ ಬಾಗಿಲ ಚಿಲಕವನ್ನೂ ತೆಗೆದೆ. ಅಲ್ಲಿಯವರೆಗೆ ಎಲ್ಲ ಪಾಠದ ಪ್ರಕಾರವೇ ನಡೆಯಿತು. ಆಮೇಲೆ ಏನಾಯಿತೆಂದು ಎಷ್ಟು ಯೋಚಿಸಿದರೂ ನನಗೆ ಸರಿಯಾಗಿ ಹೊಳೆಯುವುದಿಲ್ಲ. ಬಾಯಿ ಹಿಂದಿನ ಬಾಗಿಲು ಅನ್ನುತ್ತಲೇ ಇತ್ತು, ಕಾಲು ಮುಂದಿನ ಮೆಟ್ಟಿಲು ಇಳಿಯುತ್ತಿತ್ತು. ನಾನು ಇನ್‌ಚಾರ್ಜ್ ಆದ್ದರಿಂದ ಉಳಿದವರೂ ಗಿರಾಕಿಗಳೂ ನನ್ನ ಹಿಂದೆಯೇ ಬಂದರು. ಹೊಗೆಯಲ್ಲಿ ಕೆಮ್ಮುತ್ತಾ, ಕಿಡಿ ಹಾರುತ್ತಿದ್ದ ಪೆಟ್ಟಿಗೆಯ ಪಕ್ಕದಲ್ಲೇ ಬಗ್ಗಿ ಕೈಯಾಡಿಸಿ, ಸಿಕ್ಕಿದ್ದನ್ನು ಎತ್ತಿಕೊಂಡು ಬೀದಿಗೆ ಬಂದೆ.

ಕೆಳಗೆ ಪಂಚೆ ವಿಭಾಗದವನು ನಾನು ಕಲಿಸಿದ್ದನ್ನು ಮರೆತಿರಲಿಲ್ಲ. ಕರೆಂಟಿನ ಮೇನ್ ಇಳಿಸಿ, ಸಿಲಿಂಡರಿನ ಪಿನ್ನು ಕಿತ್ತು, ಬುಡಕ್ಕೆ ಗುರಿಯಿಟ್ಟು ಅದುಮಿದ. ಅಷ್ಟಕ್ಕೇ ಬೆಂಕಿ ಆರಿತು. ಸಾಹುಕಾರರು ಬೀದಿಯಲ್ಲಿ ಸೇರಿದ್ದವರಿಗೆಲ್ಲ, "ನಮ್ ಇನ್‌ಚಾರ್ಜಮ್ಮ ಎಲ್ಲಾರ್ನೂ ಕರ್ಕೊಂಡು ಬಂದ್ಬುಟ್ಲು ನೋಡಿ!" ಎಂದು ಹೇಳತೊಡಗಿದರು. ನಾನು ಹೌದೆಂಬಂತೆ ತಲೆಯಾಡಿಸಿದೆ. ಆಮೇಲೆ ನೆನಪಾಗಿ ತಲೆ ಎಣಿಸಿದೆ. ಮೇಲೆ ಕೆಲಸ ಮಾಡುವವರು ನಾವು ಒಂಬತ್ತು ಜನ. ಬೀದಿಯಲ್ಲಿದ್ದದ್ದು ಎಂಟು.

ಪಕ್ಕದ ಸಂದಿಯಲ್ಲಿ ಓಡಿದೆ. ನಡೆಯಲಿಲ್ಲ, ಓಡಿದೆ. ಅಂಗಡಿಯ ಹಿಂದೆ ಕಬ್ಬಿಣದ ಮೆಟ್ಟಿಲ ಮೇಲೆ ಅಕ್ಕ ಕೂತಿದ್ದಳು. ಕೂತೇ ಒಂದೊಂದು ಮೆಟ್ಟಿಲು ಜಾರಿ ಜಾರಿ ಇಳಿಯುತ್ತಿದ್ದಳು. ಸೀರೆಯೆಲ್ಲ ತುಕ್ಕಾಗಿತ್ತು, ಅಂಗೈ ತರಚಿ ಕೆಂಪಾಗಿತ್ತು. ಅಷ್ಟು ಜನರಲ್ಲಿ ನಾನು ಹೇಳಿದ ಬಾಗಿಲಿನಿಂದ ಹೊರಗೆ ಬಂದವಳು ಅವಳೊಬ್ಬಳೇ. ಇನ್ನು ಮೂರು ಮೆಟ್ಟಿಲಿತ್ತು. ನನ್ನನ್ನು ಕಂಡು ಅವಳ ಮುಖ ಅರಳಿತು. ಅವಳ ಕಣ್ಣು ನನ್ನ ಕೈಗೆ ಹೋಯಿತು.

"ತಂದ್ಯೇನಮ್ಮ?" ಅಂದಳು.

ಆಗ ನಾನೂ ನೋಡಿಕೊಂಡೆ. ನನ್ನ ಕೈಯಲ್ಲಿದ್ದದ್ದು ಹಿಂದೂಪುರದ ಕಂದು ಚಪ್ಪಲಿ, ಎರಡೂ.

ಅವಳು ಚುಚ್ಚಿ ಕೇಳಿದ್ದಲ್ಲ. ನಿಜವಾಗಿಯೂ ನಾನು ತಂದಿರುತ್ತೇನೆ ಅಂದುಕೊಂಡೇ ಕೇಳಿದ್ದಳು. ನನಗೆ ಭೂಮಿಗಿಳಿದುಹೋಗುವಷ್ಟು ನಾಚಿಕೆಯಾಯಿತು. ಒಳಗೆ ಹೋಗಿ ಸ್ಟ್ಯಾಂಡಿನಿಂದ ಅವಳ ಚಪ್ಪಲಿ ತಂದೆ. ಸಿಲಿಂಡರಿನ ಬಿಳಿ ಪುಡಿ ಮೆತ್ತಿತ್ತು. ಸೆರಗಿನಲ್ಲಿ ಒರೆಸಿ ಅವಳ ಕಾಲಿಗೆ ನಾನೇ ತೊಡಿಸಹೋದರೆ, "ಅಯ್ಯೋ, ಬಿಡಮ್ಮ," ಎಂದು ಕಾಲು ಎಳೆದುಕೊಂಡಳು.

ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೇ ಹೋಗಿ ಅವಳನ್ನು ಎದುರುಗೊಂಡು, ಹಿಂದಿನ ಮೆಟ್ಟಿಲಿನಿಂದಲೇ ಹತ್ತಿಸಿದೆ. ಚಪ್ಪಲಿ ಮೆಟ್ಟಿಕೊಂಡೇ ಹತ್ತಿದಳು. ಅದನ್ನು ಮೇಲೆ ಬಾಗಿಲ ಹೊಸ್ತಿಲಾಚೆ, ಮೆಟ್ಟಿಲ ತುದಿಯ ತಗಡಿನ ಮೇಲೆ ಬಿಡಿಸಿದೆ. ಅಲ್ಲಿ ಗಾದಿಯೂ ಇಲ್ಲ, ಲಕ್ಷ್ಮಿಯೂ ಇಲ್ಲ. ಈ ಉಪಾಯ ಮೊದಲೇ ನನಗೆ ಹೊಳೆದಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಹೊಳೆದಿತ್ತು, ನಾಳೆ ಮಾಡಿದರಾಯಿತು ಅಂದುಕೊಂಡಿದ್ದೆ. ಸಾಹುಕಾರರು ಬಂದು ಬಾಗಿಲಾಚೆ ಇಣುಕಿ ನೋಡಿದರು, ಗಾದಿಗೊಮ್ಮೆ ಕೈಮುಗಿದು ಇಳಿದುಹೋದರು.

ಅಕ್ಕ ಆ ದಿನದ ಮಾತನ್ನು ಮತ್ತೆ ಯಾವತ್ತೂ ಎತ್ತಲಿಲ್ಲ. ಗಿರಾಕಿಗಳು ಯಾರಾದರೂ ಬೆಂಕಿಯ ಸುದ್ದಿ ಕೇಳಿದರೆ ಮಾತ್ರ, ನನ್ನ ಕಡೆ ಕೈ ತೋರಿಸಿ, "ಇವ್ಳೇ ಬಾಗ್ಲು ತೆಗೆದ್ಲು ಕಣಮ್ಮ. ಇಲ್ದಿದ್ರೆ ನಾನೆಲ್ಲಿ ಬತ್ತಿದ್ದೆ?" ಅನ್ನುತ್ತಿದ್ದಳು.