ಮಗ್ಗುಲು ಬದಲಿಸುವ ವಿದ್ಯೆ

ವೈದ್ಯರು ಚೀಟಿ ಬರೆದು ಹೊರಟ ಮೇಲೆ ರೋಗಿಯ ಬಳಿ ಉಳಿಯುವ ನೋವು, ಏದುಸಿರು, ನಿದ್ದೆಗೇಡು, ಭಯಗಳನ್ನು ಯಾರು ನೋಡಬೇಕು ಎಂಬ ಪ್ರಶ್ನೆಗೆ ನಂಜನಗೂಡು, ತಿ. ನರಸೀಪುರದ ಸೀಮೆಯಲ್ಲಿ ಮೂವತ್ತೈದು ವರ್ಷ ತಮ್ಮ ಎರಡು ಕೈಗಳಿಂದಲೇ ಉತ್ತರ ಕೊಟ್ಟವರು ಸಿಸ್ಟರ್ ಶಿವನಂಜಮ್ಮನವರು. ಮಾತ್ರೆ, ಇಂಜೆಕ್ಷನ್ನುಗಳನ್ನು ಅವರು ಕಡೆಗಣಿಸಿದವರಲ್ಲ; ಡಾಕ್ಟರು ಬರೆದ ಔಷಧಿ ಐದು ನಿಮಿಷ ತಡವಾದರೂ ನಮ್ಮ ಜನ್ಮ ಜಾಲಾಡುತ್ತಿದ್ದರು. ಔಷಧಿ ತನ್ನ ಕೆಲಸ ಮಾಡುವಾಗ ದಾದಿ ಕೈಕಟ್ಟಿ ನಿಲ್ಲಬಾರದು ಎಂಬುದಷ್ಟೇ ಅವರ ಹಟ.

ತಾಂಡವಪುರದ ರೈತ ಮನೆತನದ ಅವರು ೧೯೮೯ರಲ್ಲಿ ನಂಜನಗೂಡಿನ ಪುಟ್ಟ ನರ್ಸಿಂಗ್ ಹೋಮೊಂದರಲ್ಲಿ ಸೇವೆ ಆರಂಭಿಸಿ, ಏಳು ವರ್ಷಗಳ ಬಳಿಕ ನರಸೀಪುರದ ನಮ್ಮ ಮೂವತ್ತು ಹಾಸಿಗೆಯ ಟ್ರಸ್ಟ್ ಆಸ್ಪತ್ರೆಗೆ ಬಂದರು. ಏದುಸಿರಿನವರನ್ನು ಮಲಗಗೊಡದೆ, ಮುಂದೊಂದು ಮೇಜಿಟ್ಟು, ಅದರ ಮೇಲಿನ ದಿಂಬಿಗೆ ಬಾಗಿಸಿ ಕೂರಿಸಿ, ಮುಖಕ್ಕೆ ಫ್ಯಾನು ತಿರುಗಿಸಿ, ಸುತ್ತ ನೆರೆದ ಎಂಟು ಹತ್ತು ನೆಂಟರನ್ನು ಕಾಫಿಗೆಂದು ನಯವಾಗಿ ಸಾಗಹಾಕುವುದನ್ನು ಅವರಿಂದಲೇ ಕಲಿಯಬೇಕು. ಚಳಿಗಾಲದಲ್ಲಿ ರೋಗಿಯನ್ನು ಮುಟ್ಟುವ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಹೊಸದಾಗಿ ನರ್ಸ್ ಕೆಲಸಕ್ಕೆ ಸೇರಿದ ನನಗೆ ಇದೆಲ್ಲ ಅಜ್ಜಿ ಕಾಲದ ಉಪಚಾರವೆಂದು ಕಂಡಿತ್ತು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ನನ್ನ ಕಣ್ಣು ತೆರೆಸಿದ್ದು ಒಂದೇ ಒಂದು ಪದ. ಕೋವಿಡ್‌ಗೆ ಮುಂಚಿನ ವರ್ಷ ಹೆಡತಲೆ ಗ್ರಾಮದ ಪಾಪಮ್ಮ ಎಂಬ ಎಪ್ಪತ್ತರ ಹೆಂಗಸು ಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಮೈಸೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು, ಕೆಲವು ದಿನ ನಮ್ಮಲ್ಲಿದ್ದು ಮನೆಗೆ ಹೊರಟಿದ್ದರು. ದಿನಕ್ಕೆ ಮೂರು ಸಲ ವಾಕರ್ ಹಿಡಿಸಿ ನಡೆಸಿರೆಂದು ವಿವರವಾಗಿ ಬರೆಯಬೇಕಿದ್ದ ನಾನು, ಸಂಜೆಯ ಬಸ್ಸು ಹಿಡಿಯುವ ಅವಸರದಲ್ಲಿ, “ಚೆನ್ನಾಗಿ ರೆಸ್ಟ್ ಕೊಡಿ” ಎಂದಷ್ಟೇ ಬರೆದು ಚೀಟಿ ಕಳಿಸಿಬಿಟ್ಟೆ. ನಮ್ಮ ಕಡೆ ರೆಸ್ಟ್ ಎಂದರೆ ಅಲುಗಾಡದೆ ಮಲಗುವುದು. ಮಗ ಮಾದೇಶ್ ಹನ್ನೆರಡು ದಿನ ತಾಯಿಯನ್ನು ಮಂಚದಿಂದ ಇಳಿಸದೆ, ಮಗ್ಗುಲನ್ನೂ ಬದಲಿಸದೆ, ಅಕ್ಕರೆಯಿಂದ ಮಲಗಿದಲ್ಲೇ ತುತ್ತು ಕೊಟ್ಟರು. ಹದಿಮೂರನೆಯ ದಿನ ಪಾಪಮ್ಮ ಬೆನ್ನಿನ ಕೆಳಗೆ ಹುಣ್ಣಾಗಿ, ಎದೆಯಲ್ಲಿ ಕಫ ಕಟ್ಟಿಕೊಂಡು ವಾಪಸು ಬಂದರು. ಇನ್ನು ಈಕೆ ಎದ್ದು ನಿಲ್ಲುವುದು ಅನುಮಾನವೆಂದು ಡಾಕ್ಟರೇ ಹೇಳಿದರು.

“ಯಾರ್ರೀ ಇದ ಬರ್ದೋರು? ನಮ್ಮವ್ವ ನಡ್ಕಂಡ್ ತಿರ್ಗಾಡ್ತಿದ್ದೋಳು ಕಣ್ರೀ!” ಎಂದು ಮಾದೇಶ್ ಚೀಟಿ ಹಿಡಿದು ವಾರ್ಡಿನಲ್ಲಿ ಕೂಗಾಡಿದರು. ಶಿವನಂಜಮ್ಮನವರು ಚೀಟಿ ನೋಡಿದರು. ಅಕ್ಷರ ನನ್ನದೆಂದು ಅವರಿಗೆ ಚೆನ್ನಾಗಿ ಗೊತ್ತು. “ವಾರ್ಡು ನಂದು ಕಣಪ್ಪ, ತಪ್ಪೂ ನಂದೇ. ಬಯ್ಯೋದಿದ್ರೆ ನನ್ನೇ ಬಯ್ಯಿ. ಆಮೇಲೆ ಈ ಕಡೆ ಬಾ, ಅವ್ವನ್ನ ತಿರುಗ್ಸೋದು ಹೇಳ್ಕೊಡ್ತೀನಿ” ಎಂದರು. ಮಾದೇಶ್ ಮನಸಾರೆ ಬೈದರು. ಮೇಡಂ ಪೂರ್ತಿ ಕೇಳಿಸಿಕೊಂಡು, ಅವರ ಕೈಗೆ ದಿಂಬು ಕೊಟ್ಟರು.

ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸು ಎಂದು ಹೇಳಿ ಅವರು ಸುಮ್ಮನಾಗಲಿಲ್ಲ. ಮನೆಯಲ್ಲಿ ಹಸು ಎಷ್ಟು, ಡೇರಿಗೆ ಹಾಲು ಹಾಕುವುದು ಯಾವಾಗ, ಒಲೆ ಹೊತ್ತಿಸುವುದು ಯಾವಾಗ ಎಂದೆಲ್ಲ ವಿಚಾರಿಸಿದರು. ಹಾಲು ಕರೆಯುವ ಮುಂಚೆ ಎಡಮಗ್ಗುಲು, ಡೇರಿಯಿಂದ ಬಂದ ಮೇಲೆ ಬಲಮಗ್ಗುಲು, ಹಿಟ್ಟಿನ ಮುದ್ದೆ ಉಂಡಾದ ಮೇಲೆ ದಿಂಬಿಗೊರಗಿ ಕೂರುವುದು ಎಂದು ಆ ಮನೆಯ ದಿನಚರಿಯನ್ನೇ ಊರಿಗೆ ಮರಳಿದ ಮೇಲಿನ ಮಾದೇಶರ ವೇಳಾಪಟ್ಟಿಯಾಗಿಸಿದರು. ವಾರ್ಡಿನಲ್ಲಿ ದಿನವೂ ಪಾಪಮ್ಮನವರಿಂದ ಆಳವಾಗಿ ಉಸಿರೆಳೆಸಿ, ದಿಂಬು ಅವುಚಿಸಿ ಕೆಮ್ಮಿಸಿದರು. ನನಗೆ ಹೇಳಿದ್ದು ಇಷ್ಟೇ: “ನಯನಾ, ಏನು ಮಾಡ್ಬೇಕೋ ಅದನ್ನ ಬರಿ. ಬರೆಯೋಕ್ ಮುಂಚೆ ಮಾಡಿಸಿ ತೋರ್ಸು.” ಗದರಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ವಾಪಸು ಬಂದ ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಪಾಪಮ್ಮ ವಾಕರ್ ಹಿಡಿದು ಎದ್ದು ನಿಂತರು. ನನಗೆ ತಡೆಯಲಾಗಲಿಲ್ಲ. “ಅಜ್ಜಿ, ಆ ಚೀಟಿ ಬರೆದವಳು ನಾನು” ಎಂದೆ.

“ಗೊತ್ತು ಕಣವ್ವ. ನೀ ಬರೀತಿದ್ದುದ್ದ ನಾ ಮಲ್ಗಿದ್ದಲ್ಲೇ ನೋಡಿವ್ನಿ. ಆ ನಂಜಮ್ಮವ್ವ ನಿನ್ನ ಬಯ್ಸ್ನಿಲ್ಲ, ನಾ ಯಾಕ್ ಬಯ್ಸ್ಲಿ? ಇಡ್ಕೊ, ಬಾಗ್ಲುಗಂಟ ಓಗ್ಬುಟ್ ಬರಮು” ಎಂದರು. ಬಾಗಿಲವರೆಗೆ ಹನ್ನೊಂದು ಹೆಜ್ಜೆ. ನಾನು ಅಳುತ್ತಲೇ ಎಣಿಸಿದೆ.

ನಿವೃತ್ತಿಯ ನಂತರ ಶಿವನಂಜಮ್ಮನವರು ಊರೂರಿಗೆ ಹೋಗಿ, ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರಿಗೆ ಕಲಿಸುವವರಿದ್ದಾರೆ. ಮೊದಲ ಊರು ಹೆಡತಲೆ. ಚೀಟಿ ಬರೆದವಳು ನಾನೆಂದು ಪಾಪಮ್ಮ ಮಗನಿಗೆ ಇಂದಿಗೂ ಹೇಳಿಲ್ಲವಂತೆ. ಆದ್ದರಿಂದ ಮೇಡಂ ನಿವೃತ್ತಿಗೆಂದು ನಾವು ತರುತ್ತಿರುವ ಈ ಅಭಿನಂದನಾ ಸಂಪುಟದ ಒಂದು ಪ್ರತಿಯನ್ನು ನಾನೇ ಒಯ್ದು ಮಾದೇಶರ ಕೈಗೆ ಕೊಡುತ್ತೇನೆ. ಅಂದಿನ ಬೈಗುಳವೆಲ್ಲ ನನಗೆ ಸೇರಲಿ. ಆಯಸ್ಸು, ಆರೋಗ್ಯ, ಕೈತುಂಬ ಕೆಲಸ ನಮ್ಮ ಮೇಡಂಗೆ ಸೇರಲಿ.