ಅವನು ಬಿಚ್ಚದೇ ಉಳಿಸಿಕೊಂಡ ಕಾಸು

ಸೈನ್ಯದಿಂದ ರಿಟೈರಾಗಿ ಯಗಟಿಗೆ ಬಂದ ಮೇಲೆ ನನಗೆ ಕೆಟ್ಟ ಹೆಸರು ಬಂದಿರೋದು ಒಂದೇ ಕಾರಣಕ್ಕೆ. ಟಿವಿಯಲ್ಲಿ ಯುದ್ಧದ ಸುದ್ದಿ ಬಂದಾಗ ನಾನು ಚಪ್ಪಾಳೆ ತಟ್ಟೋದಿಲ್ಲ. ಕಡೂರು ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಲ್ಲಿ ಕಾಫಿಗೆ ಕೂತರೆ ಸಾಕು, "ಏನ್ ಸಾರ್, ಒಂದ್ಸಲ ನುಗ್ಗಿ ಹೊಡೆದ್ಬಿಡಬೇಕು, ಅಲ್ವಾ?" ಅಂತಾರೆ. "ನುಗ್ಗೋರು ಯಾರಪ್ಪಾ, ನೀನಾ?" ಅಂತೀನಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ! ಆಮೇಲೆ ಯಾರೂ ನನ್ನ ಬಿಲ್ ಕೊಡೋಕೆ ಬರೋದಿಲ್ಲ.

ಯುದ್ಧವೇ ಬೇಡ ಅನ್ನೋನಲ್ಲ ನಾನು. ಮನೆಯೊಳಗೆ ನುಗ್ಗಿದೋನು ಮಾತಿಗೆ ಬಗ್ಗದಿದ್ದರೆ ಕತ್ತು ಹಿಡಿದು ಆಚೆ ದಬ್ಬಬೇಕು. ಅಷ್ಟಕ್ಕೆ ಯುದ್ಧ ಸರಿ. ಸೇಡಿಗೆ, ಜಂಬಕ್ಕೆ ಅಂದರೆ ತಪ್ಪು. ಹೋಟೆಲಲ್ಲಿ ಇದನ್ನ ಹೇಳೋದು ಸುಲಭ. ತರೀಕೆರೆಯಲ್ಲಿ ಒಬ್ಬ ಮುದುಕಿಯ ಎದುರು ಹೇಳಬೇಕಾಗಿ ಬಂದಾಗ ಮಾತ್ರ ಅಷ್ಟು ಸುಲಭ ಆಗಲಿಲ್ಲ.

ಆಕೆಯ ಮಗ ಸೈನ್ಯದಲ್ಲಿ ನನ್ನ ಕೈಕೆಳಗಿನ ಕಂಪನಿಯಲ್ಲಿದ್ದ. ಗಡಿ ದಾಟಿ ಬಂದು ಗುಡ್ಡ ಹಿಡಿದು ಕೂತವರನ್ನ ಇಳಿಸೋಕೆ ನಾನೇ ಅವನನ್ನ ಕಳಿಸಿದೆ. ಜೀವಂತ ವಾಪಸ್ ಬರಲಿಲ್ಲ. ಆಗ ತೊಟ್ಟಿಲಲ್ಲಿದ್ದ ಅವನ ಮಗಳು ಈಗ ಆರ್ಮಿಗೆ ಸೇರ್ತೀನಿ ಅಂತ ಹಟ ಹಿಡಿದಿದ್ದಳು. ಸೆಲೆಕ್ಷನ್‌ಗೆ ಕರೆಯೂ ಬಂದಿತ್ತು. ಅಜ್ಜಿ ಹೂಂ ಅಂದಿರಲಿಲ್ಲ. ಸಾಹೇಬ್ರು ಬರಲಿ, ಅವರನ್ನ ಒಂದು ಮಾತು ಕೇಳಬೇಕು ಅಂದಿದ್ದಳಂತೆ.

ನಾನು ಹೋದ ದಿನ ಮೊಮ್ಮಗಳೂ ಅಲ್ಲೇ ಇದ್ದಳು. ಅಜ್ಜಿ ಚಹಾ ಲೋಟ ಕೈಗಿಟ್ಟು ಕೇಳಿಯೇಬಿಟ್ಟಳು. "ಆ ಗುಡ್ಡ ಬೇಕಿತ್ತಾ ಸಾಹೇಬ್ರೇ?"

"ಬೇಕಿತ್ತಮ್ಮ. ಬಿಟ್ಟಿದ್ರೆ ಕೆಳಗಿನ ಊರುಗಳು ಹೋಗ್ತಿದ್ವು. ಮಾತಿಗೆ ಅವರು ಇಳೀಲಿಲ್ಲ."

"ಇವತ್ತಾಗಿದ್ರೂ ಅವನನ್ನ ಕಳಿಸ್ತಿದ್ರಾ?"

"ಕಳಿಸ್ತಿದ್ದೆ." ಆಕೆಗೆ ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ. "ಎಲ್ಲಾ ಯುದ್ಧಕ್ಕೂ ಹಿಂಗೆ ಹೇಳೋಕಾಗಲ್ಲ. ನಾಳೆ ಇವಳನ್ನ ಯಾವುದಕ್ಕೆ ಕಳಿಸ್ತಾರೋ, ಆ ಜವಾಬ್ದಾರಿ ನಾನು ಹೊರಲಾರೆ."

ಆಕೆ ಎದ್ದು ಒಳಗೆ ಹೋಗಿ ಬಣ್ಣ ಮಾಸಿದ ಒಂದು ಹಸಿರು ಬಟ್ಟೆಪಟ್ಟಿ ತಂದಳು. ನೋಡಿದ ಕೂಡಲೇ ಗುರುತು ಸಿಕ್ಕಿತು. ಮುಸಲ್ಮಾನರಲ್ಲಿ ದೂರ ಹೊರಟವರ ಬಲತೋಳಿಗೆ ಬಟ್ಟೆಯಲ್ಲಿ ಕಾಸು ಸುತ್ತಿ ಕಟ್ಟುತ್ತಾರೆ, ಇಮಾಮ್ ಜಾಮೀನು ಅಂತ. ಸುಖವಾಗಿ ತಲುಪಿದ ಮೇಲೆ ಬಿಚ್ಚಿ, ಕಾಸನ್ನ ಬಡವರಿಗೆ ಕೊಟ್ಟುಬಿಡಬೇಕು. ಕೊನೆಯ ರಜೆ ಮುಗಿಸಿ ಬಂದವನನ್ನ "ತಲುಪಿದ್ಯಲ್ಲೋ, ಬಿಚ್ಚೋದಿಲ್ವಾ?" ಅಂತ ಕೇಳಿದ್ದೆ. "ಇದೂ ಒಂದು ತಲುಪೋದಾ ಸಾಬ್? ಮನೆಗೆ ಹೋಗಿ ಬಿಚ್ತೀನಿ" ಅಂತ ನಕ್ಕಿದ್ದ, ಕತ್ತೆ. ಕೊನೆಗೆ ಅವನ ತೋಳಿಂದ ನಾನೇ ಬಿಚ್ಚಿ ತಂದು ಈ ತಾಯಿಗೆ ಕೊಟ್ಟಿದ್ದೆ.

ಆ ಕಾಸು ಇನ್ನೂ ಅದರೊಳಗೇ ಇತ್ತು. ಮಗ ತಲುಪದೆ ದಾನ ಹೇಗೆ ಕೊಡೋದು ಅಂತ ಆಕೆ ಹಾಗೇ ಇಟ್ಟುಕೊಂಡಿದ್ದಳು. ಈಗ ಅದನ್ನ ಹೊಸ ಬಟ್ಟೆಯಲ್ಲಿ ಸುತ್ತಿ ಮೊಮ್ಮಗಳ ತೋಳಿಗೆ ಕಟ್ಟಿದಳು. ನನಗೆ ಅಳು ತಡೆಯೋಕೆ ಆಗಲಿಲ್ಲ. ಆಕೆ ಅಳಲಿಲ್ಲ.

"ಅಲ್ಲಿ ಇಳಿದ ತಕ್ಷಣ ಯಾರಿಗಾದ್ರೂ ಕೊಟ್ಬಿಡು ಕಣೇ," ಅಂದಳು. "ನಿಮ್ಮಪ್ಪನ ಹಾಗೆ ಮನೆಗೆ ಅಂತ ಇಟ್ಕೋಬೇಡ."